ಬಿಸಿಲು ಇಳಿದ ಮೇಲೆ ನಾಯಿ ಶೋ

ನಾಯಿ ಶೋ ಸಂಜೆಗೇ ಇಡಬೇಕು ಎಂದು ನಾಯಿ ತಳಿ ಬೆಳೆಸುವ ನಮ್ಮ ಬ್ರೀಡರ್‌ಗಳ ಸಂಘದ ಸಭೆಯಲ್ಲಿ ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೆ. ಈ ಸಲ ಒಪ್ಪಿಕೊಂಡರು. ಬಯಲಲ್ಲಿ, ಹುಲ್ಲಿನ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಶುರು ಮಾಡಿ ರಾತ್ರಿ ದೀಪದ ಬೆಳಕಲ್ಲಿ ಮುಗಿಸಿದೆವು. ನಾನು ರಿಂಗ್ ಸ್ಟೀವರ್ಡ್ ಆಗಿದ್ದೆ. ರಿಂಗ್ ಅಂದರೆ ಸುತ್ತ ಹಗ್ಗ ಕಟ್ಟಿ ನಾಯಿಗಳನ್ನು ಪರೀಕ್ಷಿಸುವ ಜಾಗ. ತೋಳಿಗೆ ನಂಬರ್ ಕಟ್ಟಿಕೊಂಡು ನಾಯಿ ಹಿಡಿದು ಬರುವ ಹ್ಯಾಂಡ್ಲರ್‌ಗಳನ್ನು ಕರೆದು ಸಾಲಾಗಿ ನಿಲ್ಲಿಸಬೇಕು, ಬಾರದವರ ನಂಬರ್ ಗುರುತು ಹಾಕಿಕೊಳ್ಳಬೇಕು, ಫಲಿತಾಂಶ ಬರೆದುಕೊಳ್ಳಬೇಕು. ನಾಯಿಗಳ ಬಗ್ಗೆ ಜಡ್ಜ್ ಹತ್ತಿರ ಒಂದು ಮಾತೂ ಆಡುವಂತಿಲ್ಲ. ಯಾವ ನಾಯಿ ಯಾರದು ಎಂದು ಅಚ್ಚಾಗಿರುವ ಕ್ಯಾಟಲಾಗ್ ಅವರ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುವುದೂ ನನ್ನ ಕೆಲಸವೇ. ರಿಂಗಿನ ಒಳಗೇ ನಿಂತು, ಮಾತಾಡದೆ, ಪ್ರತಿಯೊಂದು ನಾಯಿಯನ್ನೂ ಹತ್ತಿರದಿಂದ ನೋಡುವ ಅವಕಾಶ ಸ್ಟೀವರ್ಡ್‌ಗೆ ಮಾತ್ರ ಸಿಗುತ್ತದೆ. ಅಂದು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಸಂಜೆಯೇ ಯಾಕೆ? ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಯಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಮೈ ತಣ್ಣಗಾಗಬೇಕಾದರೆ ಅದು ನಾಲಿಗೆ ಚಾಚಿ ಏದುಸಿರು ಬಿಡಬೇಕು. ಆರೋಗ್ಯವಾಗಿರುವ ನಾಯಿಯ ಮೈ ಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿತೆಂದರೆ ಜೀವಕ್ಕೇ ಅಪಾಯ. ಹಗಲು ಶೋಗಳಲ್ಲಿ ದಟ್ಟ ಕೂದಲಿನ ನಾಯಿಗಳು ಕ್ರೇಟ್ ಒಳಗೆ ಒದ್ದೆ ಟವೆಲ್ ಮೇಲೆ ಮಲಗಿ ತಮ್ಮ ಸರದಿಗೆ ಕಾಯುವುದನ್ನು ನೋಡಿದ್ದೇನೆ. ರಿಂಗಿಗೆ ಬರುವ ಹೊತ್ತಿಗೆ ಅವುಗಳಲ್ಲಿ ಅರ್ಧ ಉಸಿರೂ ಉಳಿದಿರುವುದಿಲ್ಲ. ತಲೆ ಕೆಳಗೆ, ಬಾಲ ಕೆಳಗೆ, ಹೆಜ್ಜೆ ಭಾರ. ಅದನ್ನು ನೋಡಿ ಜಡ್ಜ್ ಏನಂತ ತೀರ್ಮಾನ ಮಾಡಬೇಕು? ಅಂಥ ಹೊತ್ತಲ್ಲಿ ಅವರಿಗೆ ಕಾಣುವುದು ಆ ನಾಯಿಯ ದಣಿವು ಮಾತ್ರ.

ನೆಲದ ವಿಷಯವೂ ಇದೆ. ಹುಲ್ಲು ಬೇಗ ತಣ್ಣಗಾಗುತ್ತದೆ. ಡಾಂಬರು, ಕಾಂಕ್ರೀಟು ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತವೆ. ಅದಕ್ಕೇ ಪಾರ್ಕಿಂಗ್‌ನಿಂದ ರಿಂಗಿನವರೆಗೂ ನಾಯಿಗಳು ಹುಲ್ಲಿನ ಮೇಲೇ ನಡೆದು ಬರುವಂತೆ ದಾರಿ ಮಾಡಿಸಿದ್ದೆವು. ಕೈಯ ಹಿಂಭಾಗವನ್ನು ನೆಲದ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ. ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆ ನೆಲ ಆಗುವುದಿಲ್ಲ.

ಈಗ ರಿಂಗಿಗೆ ಬರೋಣ. ಹೊರಗೆ ನಿಂತವರಿಗೆ ಇದು ಸೌಂದರ್ಯ ಸ್ಪರ್ಧೆಯಂತೆ ಕಾಣುತ್ತದೆ. ಪಕ್ಕಪಕ್ಕ ನಿಂತ ನಾಯಿಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಆರಿಸುತ್ತಾರೆ ಅಂದುಕೊಳ್ಳುತ್ತಾರೆ. ನಿಜವಾಗಿ ಜಡ್ಜ್ ಪ್ರತಿ ನಾಯಿಯನ್ನೂ ಆ ತಳಿಯ ಬ್ರೀಡ್ ಸ್ಟ್ಯಾಂಡರ್ಡ್ ಜೊತೆ ಹೋಲಿಸುತ್ತಾರೆ. ತಳಿ ಹೇಗಿರಬೇಕು ಎಂದು ತಲೆಯಿಂದ ಬಾಲದ ತುದಿಯವರೆಗೆ ಬರೆದಿಟ್ಟ ಬರಹ ಅದು. ಗಂಡು ಜರ್ಮನ್ ಶೆಫರ್ಡ್ ಭುಜದ ಹತ್ತಿರ 60ರಿಂದ 65 ಸೆಂಟಿಮೀಟರ್, ಹೆಣ್ಣು 55ರಿಂದ 60 ಎಂದು ಅದರಲ್ಲಿ ಇರುತ್ತದೆ. ಒಂದು ತಳಿಗೆ ದೋಷವಾದದ್ದು ಇನ್ನೊಂದಕ್ಕೆ ಲಕ್ಷಣ. ಲ್ಯಾಬ್ರಡಾರ್‌ನಲ್ಲಿ ಮೇಲಿನ ಮುಂಹಲ್ಲು ಕೆಳಗಿನದಕ್ಕೆ ತಾಗಿಕೊಂಡೇ ಸ್ವಲ್ಪ ಮುಂದಿರಬೇಕು, ಅದಕ್ಕೆ ಸಿಸರ್ ಬೈಟ್ ಅನ್ನುತ್ತಾರೆ. ಬಾಕ್ಸರ್‌ನಲ್ಲಿ ಕೆಳದವಡೆಯೇ ಮುಂದೆ ಚಾಚಿರಬೇಕು.

ಈ ಶೋಗಳು ಹುಟ್ಟಿದ್ದೇ ಕೆಲಸದ ನಾಯಿಗಳಿಂದ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದ ಶೋಗೆ ಬಂದದ್ದು ಪಾಯಿಂಟರ್ ಮತ್ತು ಸೆಟರ್ ಮಾತ್ರ. ಎರಡೂ ಬೇಟೆಯಲ್ಲಿ ಹಕ್ಕಿ ಇರುವ ಜಾಗ ತೋರಿಸುವ ನಾಯಿಗಳು. ಗೆದ್ದವರಿಗೆ ಕೊಟ್ಟ ಬಹುಮಾನ ಬಂದೂಕು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಶುರುವಾಯಿತು. 1911ರಲ್ಲಿ ಜರ್ಮನಿ, ಆಸ್ಟ್ರಿಯಾ, ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್ ಸೇರಿ ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಅದು ತಳಿಗಳನ್ನು 10 ಗುಂಪುಗಳಾಗಿ ವಿಂಗಡಿಸಿದೆ. ಕುರಿ ಕಾಯುವವು, ಬಿಲ ಅಗೆಯುವವು, ವಾಸನೆ ಹಿಡಿದು ಹೋಗುವವು, ಕಣ್ಣಲ್ಲಿ ಗುರಿ ಹಿಡಿದು ಓಡುವವು, ಹೀಗೆ. ಯಾವ ನಾಯಿಯಿಂದ ಮುಂದಿನ ಪೀಳಿಗೆ ಬರಬೇಕು ಎಂದು ಪರೀಕ್ಷೆ ಮಾಡುವುದೇ ಶೋನ ಮೂಲ ಕೆಲಸ. ನಮ್ಮ ಸಂಘದವರಿಗೆ ನಾನು ಮತ್ತೆ ಮತ್ತೆ ನೆನಪಿಸುವ ಮಾತೂ ಇದೇ.

ಮೊದಲು ಬಂದದ್ದು ಪಪ್ಪಿ ಕ್ಲಾಸ್, ಆರರಿಂದ ಒಂಬತ್ತು ತಿಂಗಳ ಮರಿಗಳು. ಇಲ್ಲಿ ಗೆಲುವಿಗಿಂತ ಅಭ್ಯಾಸ ಮುಖ್ಯ. ಪರಿಚಯವಿಲ್ಲದ ಮನುಷ್ಯ ಬಂದು ತುಟಿ ಎತ್ತಿ ಹಲ್ಲು ನೋಡುತ್ತಾನೆ, ಬೆನ್ನು ಒತ್ತುತ್ತಾನೆ, ತೊಡೆ ಹಿಡಿಯುತ್ತಾನೆ. ಮರಿಗೆ ಅದು ಸಣ್ಣ ಸಂಗತಿಯಲ್ಲ. ಒಬ್ಬ ಹುಡುಗನ ಕೈಯಲ್ಲಿದ್ದ ಡಾಲ್ಮೇಷಿಯನ್ ಮರಿ ಜಡ್ಜ್ ಹತ್ತಿರ ಬರುತ್ತಿದ್ದ ಹಾಗೆ ನೆಲಕ್ಕೆ ಅಂಟಿ ಕೂತಿತು. ಹುಡುಗ ಲೀಡ್, ಅಂದರೆ ಕೊರಳಿನ ಹಗ್ಗ, ಎಳೆಯಲಿಲ್ಲ. ತಾನೂ ಮಂಡಿಯೂರಿ ಕೂತು ಮರಿಯ ಎದೆಯ ಮೇಲೆ ಕೈ ಇಟ್ಟ. ಜಡ್ಜ್ ಎರಡು ಹೆಜ್ಜೆ ಹಿಂದೆ ಸರಿದು, "ನಿಧಾನಕ್ಕೆ ಬಾ ಮಗಾ, ಆತುರ ಏನಿಲ್ಲ" ಅಂದರು. ಪಕ್ಕಕ್ಕೆ ತಿರುಗಿ ನಿಂತು ಕೈಯನ್ನು ಕೆಳಗಿಂದ ಚಾಚಿದರು. ಮರಿ ಮೂಸಿತು. ಆಮೇಲೆ ಎದ್ದು ನಿಂತು ಹಲ್ಲು ತೋರಿಸಿತು. ಆ ಕ್ಲಾಸ್‌ನಲ್ಲಿ ಅದಕ್ಕೆ ಬಹುಮಾನ ಬರಲಿಲ್ಲ, ಆದರೆ ಮುಂದಿನ ಶೋಗೆ ಅದು ಹೆದರದೆ ಬರುತ್ತದೆ. ಒಳ್ಳೆಯ ಜಡ್ಜ್ ಅಂದರೆ ಇಂಥವರು.

ದೊಡ್ಡ ನಾಯಿಗಳ ಪರೀಕ್ಷೆ ಇನ್ನೂ ವಿವರವಾಗಿ ನಡೆಯುತ್ತದೆ. ಬಾಯಲ್ಲಿ 42 ಹಲ್ಲು ಇರಬೇಕು, ಮೇಲೆ 20, ಕೆಳಗೆ 22. ಕೆಲವು ತಳಿಗಳಲ್ಲಿ ಒಂದು ಹಲ್ಲು ಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ. ಗಂಡಿಗೆ ಎರಡೂ ಬೀಜಗಳು ಕೆಳಗಿಳಿದಿರಬೇಕು. ಉದ್ದ ಕೂದಲಿದ್ದರೆ ಜಡ್ಜ್ ಕಣ್ಣನ್ನು ನಂಬುವುದಿಲ್ಲ, ಕೂದಲೊಳಗೆ ಕೈ ಹಾಕಿ ಪಕ್ಕೆಲುಬು, ಭುಜದ ಮೂಳೆ ಮುಟ್ಟಿಯೇ ನೋಡುತ್ತಾರೆ. ಗ್ರೂಮಿಂಗ್‌ನಲ್ಲಿ ಬೆನ್ನು ನೇರ ಕಾಣುವಂತೆ ಕತ್ತರಿಸಬಹುದು, ಬೆರಳಿಗೆ ಮೋಸ ಮಾಡುವುದು ಕಷ್ಟ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಡಿಗೆ. ನಾಯಿಯನ್ನು ನಿಲ್ಲಿಸಿ, ಕಾಲು ಜೋಡಿಸಿ ಸ್ಟ್ಯಾಕ್ ಮಾಡಿದಾಗ ಚಾಣಾಕ್ಷ ಹ್ಯಾಂಡ್ಲರ್ ಎಷ್ಟೋ ದೋಷ ಮುಚ್ಚಬಲ್ಲ. ಓಡಿಸಿದಾಗ ಆಗುವುದಿಲ್ಲ. ಟ್ರಾಟ್ ಎಂಬ ಹದವಾದ ಓಟದಲ್ಲಿ ಎಡ ಮುಂಗಾಲು ಬಲ ಹಿಂಗಾಲು ಒಟ್ಟಿಗೆ, ಬಲ ಮುಂಗಾಲು ಎಡ ಹಿಂಗಾಲು ಒಟ್ಟಿಗೆ ಏಳುತ್ತವೆ. ವೇಗ ಜಾಸ್ತಿಯಾದಂತೆ ಪಾದಗಳು ಮೈಯ ನಡುಗೆರೆಯ ಕಡೆಗೆ ಬರುತ್ತವೆ. ಜಡ್ಜ್ ನಾಯಿ ದೂರ ಹೋಗುವಾಗ ಹಿಂಗಾಲು, ವಾಪಸ್ ಬರುವಾಗ ಮುಂಗಾಲು, ಸುತ್ತು ಹಾಕುವಾಗ ಪಕ್ಕದಿಂದ ಹೆಜ್ಜೆಯ ಚಾಚು ನೋಡುತ್ತಾರೆ. ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಎತ್ತಿದರೆ ಅದು ಪೇಸಿಂಗ್. ದಣಿದ ನಾಯಿ ಬಹಳ ಸಲ ಹಾಗೆ ನಡೆಯುತ್ತದೆ. ತಂಪಲ್ಲಿ ಅಂಥ ನಡಿಗೆ ಬಹಳ ಕಡಿಮೆ ಕಂಡಿತು. ಅದೇ ನಾಯಿಗಳನ್ನು ಹಗಲು ಶೋದಲ್ಲಿ ನೋಡಿದ್ದ ನನಗೆ ಬೇರೆ ನಾಯಿಗಳನ್ನೇ ನೋಡಿದಂತಾಯಿತು. ಒಂದು ಕೆಂಪು ಬಣ್ಣದ ಐರಿಷ್ ಸೆಟರ್ ಸುತ್ತು ಹಾಕುವಾಗ ಹಗ್ಗದಾಚೆ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಲೀಡ್ ಸಡಿಲವಾಗಿತ್ತು, ತಲೆ ಮುಂದಿತ್ತು, ಹಿಂಗಾಲಿನ ಒತ್ತು ಬೆನ್ನಿನ ಮೂಲಕ ಭುಜಕ್ಕೆ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಜಡ್ಜ್ ಇನ್ನೊಂದು ಸುತ್ತು ಕೇಳಿದರು. ಅನುಮಾನ ಬಂದಿದ್ದರಿಂದಲ್ಲ, ಇನ್ನೊಮ್ಮೆ ನೋಡುವ ಆಸೆಯಿಂದ ಅಂತಲೇ ನನಗೆ ಅನಿಸಿತು.

ಕತ್ತಲಾದ ಮೇಲೆ ಒಂದು ತೊಂದರೆ ಬಂತು. ದೀಪದ ಕಂಬಗಳನ್ನು ಒಂದೇ ಕಡೆ ನಿಲ್ಲಿಸಿದ್ದರು. ಹಾಗಾಗಿ ರಿಂಗಿನ ಒಂದು ಮೂಲೆಯಲ್ಲಿ ಹುಲ್ಲಿನ ಮೇಲೆ ಉದ್ದನೆಯ ಕಪ್ಪು ನೆರಳು ಬಿತ್ತು. ನಾಯಿಯ ಕಣ್ಣು ಮಬ್ಬು ಬೆಳಕಿಗೆ ನಮ್ಮದಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಅಕ್ಷಿಪಟಲದ ಹಿಂದೆ ಬೆಳಕನ್ನು ವಾಪಸ್ ಹೊಡೆಯುವ ಪದರ ಇದೆ, ರಾತ್ರಿ ನಾಯಿಯ ಕಣ್ಣು ಹೊಳೆಯುವುದು ಅದರಿಂದಲೇ. ಆದರೂ ಪ್ರಖರ ಬೆಳಕಿನ ಪಕ್ಕದಲ್ಲೇ ಕಪ್ಪು ಪಟ್ಟೆ ಎದುರಾದರೆ ಹಳ್ಳವೋ ಏನೋ ಎಂದು ಕೆಲವು ನಾಯಿಗಳು ಹಿಂಜರಿಯುತ್ತವೆ. ಒಂದು ಡಾಬರ್‌ಮನ್ ಅಲ್ಲಿ ಹೆಜ್ಜೆ ತಪ್ಪಿಸಿತು. ಜಡ್ಜ್ ಅದನ್ನು ಗಮನಿಸಿ ಎಲ್ಲರನ್ನೂ ಬೆಳಕಿದ್ದ ಕಡೆಗೆ ಕರೆದು ಮತ್ತೆ ಓಡಿಸಿದರು. ಕಪ್ಪು ನಾಯಿಗಳ ಮೈಕಟ್ಟು ದೀಪದಲ್ಲಿ ಸರಿಯಾಗಿ ಕಾಣುವುದಿಲ್ಲ ಎಂಬುದೂ ಆಗ ಗೊತ್ತಾಯಿತು. ಒಂದೇ ಕಡೆಯ ಬೆಳಕಲ್ಲಿ ಕಪ್ಪು ಲ್ಯಾಬ್ರಡಾರ್‌ನ ಆಚೆ ಬದಿ ಕತ್ತಲೆಯೊಳಗೆ ಸೇರಿಹೋಗುತ್ತದೆ.

ಚಪ್ಪಟೆ ಮುಖದ ನಾಯಿಗಳ ಬಗ್ಗೆ ಹೇಳದೆ ಇರಲಾರೆ. ಸಂಜೆಯ ತಂಪಲ್ಲಿ, ಯಾವ ಓಟವೂ ಇಲ್ಲದೆ, ಸಾಲಲ್ಲಿ ಸುಮ್ನೆ ನಿಂತ ಒಂದು ಪಗ್ ಗೊರಗೊರ ಉಸಿರೆಳೆಯುತ್ತಿತ್ತು. ಮೂಗಿನ ಹೊಳ್ಳೆ ಬರೀ ಗೀರಿನಷ್ಟು ತೆರೆದಿತ್ತು. ಅದರ ಯಜಮಾನರು ತುಂಬ ಪ್ರೀತಿಯಿಂದ ಸಾಕಿದವರು, ಅದರಲ್ಲಿ ಅನುಮಾನವಿಲ್ಲ. ಆದರೆ ತಂಪಲ್ಲೇ ಹೀಗಾದರೆ ಅದರ ಮಧ್ಯಾಹ್ನಗಳು ಹೇಗಿರಬಹುದು? ತಲೆಬುರುಡೆ ಗಿಡ್ಡವಾದರೂ ಒಳಗಿನ ಮೆದು ಭಾಗ ಅಷ್ಟೇ ಗಿಡ್ಡವಾಗುವುದಿಲ್ಲ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. 2012ರಲ್ಲಿ ಬ್ರಿಟನ್ನಿನ ಕ್ರಫ್ಟ್ಸ್ ಶೋದಲ್ಲಿ ಆರೋಗ್ಯದ ಚಿಂತೆ ಇರುವ ಕೆಲವು ತಳಿಗಳ ವಿಜೇತರನ್ನು ಪಶುವೈದ್ಯರು ಪರೀಕ್ಷಿಸುವ ನಿಯಮ ಬಂತು. ಆ ವರ್ಷ ಬುಲ್‌ಡಾಗ್, ಪೆಕಿನೀಸ್ ಸೇರಿದಂತೆ ಹಲವು ತಳಿಗಳಲ್ಲಿ ಗೆದ್ದ ನಾಯಿಗಳಿಗೆ ಮುಂದಿನ ಸುತ್ತಿಗೆ ಹೋಗಲು ಬಿಡಲಿಲ್ಲ. ಬಹಳ ಜನ ಸಿಟ್ಟಾದರು. ನನ್ನ ಪ್ರಕಾರ ಅದು ಸರಿಯಾದ ಹೆಜ್ಜೆ. ನಮ್ಮ ರಿಂಗಿನ ಪಕ್ಕದಲ್ಲೂ ಒಂದು ಮೇಜು, ಒಬ್ಬ ಪಶುವೈದ್ಯರು ಇರಬೇಕು. ಗೆದ್ದ ನಾಯಿ ಅಲ್ಲಿ ಹಾದು ಹೋಗಲಿ.

ರಿಂಗಿನಲ್ಲಿ ಕಾಣದೆ ಇರುವುದೂ ಬಹಳ ಇದೆ. ಸೊಂಟದ ಕೀಲು ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಎಫ್‌ಸಿಐ ಪದ್ಧತಿಯಲ್ಲಿ ಅದಕ್ಕೆ ಎ ಇಂದ ಇ ವರೆಗೆ ಗ್ರೇಡ್ ಇದೆ, ಎ ಅಂದರೆ ದೋಷವಿಲ್ಲ. ಡಾಲ್ಮೇಷಿಯನ್‌ಗಳಲ್ಲಿ ಕಿವುಡು ಹುಟ್ಟಿನಿಂದಲೇ ಬರಬಹುದು, ಒಂದೇ ಕಿವಿ ಕೇಳದಿದ್ದರೆ ಮನೆಯವರಿಗೂ ಗೊತ್ತಾಗುವುದಿಲ್ಲ, ಬೇರ್ ಎಂಬ ಪರೀಕ್ಷೆಯಲ್ಲೇ ತಿಳಿಯಬೇಕು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗೆ ಹೃದಯದ ಕವಾಟದ ಕಾಯಿಲೆ ಸಾಮಾನ್ಯ. ಮರಿ ಬೇಕೆಂದು ಶೋಗೆ ಬಂದವರು ಬ್ರೀಡರ್‌ ಗೆದ್ದ ರೊಸೆಟ್‌ಗಳ, ಅಂದರೆ ಬಹುಮಾನದ ರಿಬ್ಬನ್ ಹೂಗಳ, ಫೋಟೋ ತೆಗೆದುಕೊಳ್ಳುತ್ತಿದ್ದರು. ದಯವಿಟ್ಟು ಅಪ್ಪ ಅಮ್ಮನ ಪರೀಕ್ಷೆಯ ಕಾಗದಗಳನ್ನು ಕೇಳಿ. ಒಳ್ಳೆಯ ಬ್ರೀಡರ್ ಆ ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ, ಫೈಲ್ ತೆಗೆದು ಮುಂದಿಡುತ್ತಾರೆ.

ವೆಟರನ್ ಕ್ಲಾಸ್‌ಗೆ ಬಂದದ್ದು ಕೆಲವೇ ನಾಯಿಗಳು, ಎಲ್ಲವೂ ಎಂಟು ವರ್ಷ ದಾಟಿದವು. ಅಷ್ಟು ಹೊತ್ತಿಗೆ ಜನ ಅರ್ಧ ಹೊರಟಿದ್ದರು. ನನಗೆ ಇಡೀ ಶೋದಲ್ಲಿ ಇದೇ ಮುಖ್ಯ. ಎರಡು ವರ್ಷದ ನಾಯಿ ಚೆನ್ನಾಗಿ ಓಡುವುದರಲ್ಲಿ ಏನು ಆಶ್ಚರ್ಯ? ಹನ್ನೊಂದು ವರ್ಷದ ಹೆಣ್ಣು ಲ್ಯಾಬ್ರಡಾರ್ ಒಂದು ಬಂತು. ಮೂತಿಯೆಲ್ಲ ಬಿಳಿ. ಕಣ್ಣಲ್ಲಿ ಸ್ವಲ್ಪ ನೀಲಿ ಮಬ್ಬು. ಅದನ್ನು ಹಿಡಿದು ಬಂದ ಹಿರಿಯರ ಮಂಡಿ ನೋಯುತ್ತಿತ್ತು, ನಾಯಿ ಅವರಿಗಿಂತ ಮುಂದೆ ಮುಂದೆ ಹೋಗುತ್ತಿತ್ತು. ನಾಲ್ಕು ಕಾಲೂ ನೇರ, ಎಲ್ಲೂ ಕುಂಟಿಲ್ಲ, ಬಾಲ ಮೈಗೆ ಸಮವಾಗಿ ಆಡುತ್ತಿತ್ತು. "ಎಷ್ಟು ವರ್ಷ ಸರ್?" ಅಂತ ಜಡ್ಜ್ ಕೇಳಿದರು. ಅವರು ಹೇಳಿದ್ದು ಕೇಳಿ, ನಾಯಿಯ ತಲೆ ಸವರಿ, ಮತ್ತೆ ಬಾಯಿ ಬಿಡಿಸಿ ಹಲ್ಲು ನೋಡಿದರು.

ಮುಂದಿನದು ಪ್ರೊಜೆನಿ ಕ್ಲಾಸ್. ಅಪ್ಪ ಅಥವಾ ಅಮ್ಮನನ್ನು ಅದರ ಮಕ್ಕಳ ಜೊತೆ ಸಾಲಾಗಿ ನಿಲ್ಲಿಸಿ, ಗುಣ ಮಕ್ಕಳಿಗೆ ಎಷ್ಟು ಬಂದಿದೆ ಎಂದು ನೋಡುವ ಕ್ಲಾಸ್. ಅದೇ ಲ್ಯಾಬ್ರಡಾರ್ ಮತ್ತೆ ಬಂತು. ಹಿಂದೆ ಅದರ ಮಕ್ಕಳು, ಬೇರೆ ಬೇರೆ ಮನೆಯಲ್ಲಿ ಬೆಳೆದವು, ಬೇರೆ ಬೇರೆ ಬಣ್ಣದವು. ಎಲ್ಲಕ್ಕೂ ಅದೇ ಭುಜ, ಅದೇ ಬಾಲ, ಅದೇ ಸಮಾಧಾನದ ಮುಖ. ಬ್ರೀಡರ್ ಒಬ್ಬರು ಏನು ಮಾಡಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಅಲ್ವಾ?

ಇಡೀ ಶೋದ ಅತ್ಯುತ್ತಮ ನಾಯಿಗೆ ಕೊಡುವ ಬೆಸ್ಟ್ ಇನ್ ಶೋ ಐರಿಷ್ ಸೆಟರ್‌ಗೆ ಸಿಕ್ಕಿತು. ಚಪ್ಪಾಳೆ, ಫೋಟೋ ಎಲ್ಲ ಆಯಿತು.

ಮುಂದಿನ ಶೋಗೆ ನಾನು ಸಂಘಕ್ಕೆ ಬರೆದು ಕೊಟ್ಟ ಚೀಟಿಯಲ್ಲಿ ಇಷ್ಟಿದೆ. ಶೋ ಸಂಜೆಗೇ ಇರಲಿ. ಕಪ್ಪು ಬಣ್ಣದ ತಳಿಗಳ ಕ್ಲಾಸ್ ಹಗಲು ಬೆಳಕು ಇರುವಾಗಲೇ ಮುಗಿಯಲಿ. ದೀಪ ನಾಲ್ಕು ಕಡೆಯಿಂದಲೂ, ಎತ್ತರದಿಂದ ಬೀಳಲಿ. ಹಗ್ಗಕ್ಕೆ ಕೆಂಪು ಬೇಡ, ನಾಯಿಗೆ ಹಸಿರು ಹುಲ್ಲಿನ ಮೇಲೆ ಕೆಂಪು ಬೇರೆಯಾಗಿ ಎದ್ದು ಕಾಣುವುದಿಲ್ಲ. ನೀಲಿ ಅಥವಾ ಬಿಳಿ ಕಟ್ಟೋಣ. ಪಶುವೈದ್ಯರ ಮೇಜು ಬೇಕು. ವೆಟರನ್ ಮತ್ತು ಪ್ರೊಜೆನಿ ಕ್ಲಾಸ್‌ಗಳನ್ನು ಜನ ತುಂಬಿರುವ ಹೊತ್ತಿಗೆ ತರಬೇಕು. ಕೊನೆಯದಕ್ಕೆ ಸಮಿತಿಯಲ್ಲಿ ಇನ್ನೂ ಇಬ್ಬರು ಒಪ್ಪಬೇಕು. ಅವರಿಬ್ಬರೂ ಇದನ್ನು ಓದುತ್ತಾರೆ ಎಂದು ನನಗೆ ಗೊತ್ತು.