ಮುಪ್ಪಿನಲ್ಲಿ ಕಂಡ ಸೋಲನ್ನು ಲೆಕ್ಕಕ್ಕೆ ಹಿಡಿಯಬೇಕಾ?

ಬಾಕ್ಸಿಂಗ್ ಬಗ್ಗೆ ಮಾತು ಶುರುವಾದರೆ ಸಾಕು, ಸ್ವಲ್ಪ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬ ದೊಡ್ಡ ಹೆವಿವೇಟ್ (ಅತಿ ಹೆಚ್ಚು ತೂಕದವರ ವಿಭಾಗ) ಚಾಂಪಿಯನ್ ವಯಸ್ಸಾದ ಮೇಲೂ ರಿಂಗ್ ಬಿಡುವುದಿಲ್ಲ. ಒಳ್ಳೆಯ ದಿನಗಳಲ್ಲಿ ತನ್ನೆದುರು ನಿಲ್ಲಲೂ ಆಗದಿದ್ದವರ ಕೈಲಿ ಗುದ್ದು ತಿಂದು ಸೋಲುತ್ತಾನೆ. ಆ ಸೋಲುಗಳನ್ನು ಅವನ ಲೆಕ್ಕಕ್ಕೆ ಹಿಡಿಯಬೇಕಾ, ಬೇಡವಾ? 2024ರ ನವೆಂಬರ್‌ನಲ್ಲಿ 58 ವರ್ಷದ ಮೈಕ್ ಟೈಸನ್, ಯೂಟ್ಯೂಬ್ ಬಿಟ್ಟು ಬಾಕ್ಸಿಂಗ್ ಹಿಡಿದ 27 ವರ್ಷದ ಜೇಕ್ ಪಾಲ್ ಎದುರು ಸೋತ ಮೇಲಂತೂ ಎಲ್ಲರೂ ಇದನ್ನೇ ಕೇಳುತ್ತಾರೆ.

ನನ್ನ ಉತ್ತರ ಇದು. ಆ ಸೋಲುಗಳಿಂದ ಹೆಸರು ಒಂದಿಷ್ಟೂ ಇಳಿಯುವುದಿಲ್ಲ. ಆದರೆ "ಅಸಲಿ ಬಾಕ್ಸರ್ ಇಂಥ ವರ್ಷಕ್ಕೆ ಮುಗಿದ, ಆಮೇಲಿನದ್ದನ್ನೆಲ್ಲ ಮರೆತುಬಿಡಿ" ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಇಳಿಗಾಲವನ್ನು ಪೂರ್ತಿ ಅಳಿಸಿಬಿಟ್ಟರೆ ಈ ಆಟದ ಅತಿ ದೊಡ್ಡ ರಾತ್ರಿಗಳೂ ಅದರ ಜೊತೆಗೇ ಹೋಗುತ್ತವೆ.

ಬಾಕ್ಸರ್‌ಗೆ ಮೊದಲು ಕೈಕೊಡುವುದು ಕಾಲು. ಗುದ್ದು ಬರುವುದು ಕಣ್ಣಿಗೆ ಕಾಣುತ್ತದೆ, ಆದರೆ ಪಕ್ಕಕ್ಕೆ ಸರಿಯುವುದು ಒಂದು ಕ್ಷಣ ತಡವಾಗುತ್ತದೆ. ಆಮೇಲೆ ಕೈಗಳ ವೇಗ ಹೋಗುತ್ತದೆ. ಮೊದಲು ಒಂದರ ಹಿಂದೆ ಒಂದು ಮೂರು ನಾಲ್ಕು ಪಂಚ್ ಹೊಡೆಯುತ್ತಿದ್ದವನು ಒಂದೊಂದೇ ಹೊಡೆಯತೊಡಗುತ್ತಾನೆ. ಗುದ್ದು ತಡೆದುಕೊಳ್ಳುವ ಶಕ್ತಿಯೂ ಮೆಲ್ಲಗೆ ಕರಗುತ್ತದೆ. ಕೊನೆಗೂ ಉಳಿಯುವುದು ಹೊಡೆತದ ಬಲ ಒಂದೇ. ಹೆವಿವೇಟ್‌ಗಳು ಬೇರೆ ತೂಕದವರಿಗಿಂತ ಜಾಸ್ತಿ ವರ್ಷ ರಿಂಗಿನಲ್ಲಿ ಉಳಿಯುವುದು ಇದರಿಂದಲೇ. ಇನ್ನೊಂದು ಗುದ್ದು ಸರಿಯಾಗಿ ಬಿದ್ದರೆ ಸಾಕು ಎನ್ನುವ ಆಸೆ ಅವರನ್ನು ಬಿಡುವುದಿಲ್ಲ.

ಆ ಆಸೆಗೆ ಜೀವ ತುಂಬಿದವನು ಜಾರ್ಜ್ ಫೋರ್ಮನ್. 1994ರ ನವೆಂಬರ್ 5ರಂದು, 45ನೇ ವಯಸ್ಸಿನಲ್ಲಿ, ಆಗಿನ ಚಾಂಪಿಯನ್ ಮೈಕಲ್ ಮೂರರ್‌ನನ್ನು ಹತ್ತನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಅಲ್ಲಿಯವರೆಗೆ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ ಹಿಂದೆ ಬಿದ್ದಿದ್ದ. 20 ವರ್ಷದ ಹಿಂದೆ ಅಲಿಗೆ ಬಿಟ್ಟುಕೊಟ್ಟಿದ್ದ ಪಟ್ಟ ಒಂದೇ ಬಲಗೈ ಗುದ್ದಿಗೆ ವಾಪಸ್ ಬಂತು. 40 ದಾಟಿದ ಬಾಕ್ಸರ್‌ಗಳೆಲ್ಲ ಇವತ್ತಿಗೂ ಅವನ ಹೆಸರು ಹೇಳುತ್ತಾರೆ. ಆದರೆ ಫೋರ್ಮನ್ 1977ರಿಂದ 1987ರವರೆಗೆ ಪಂದ್ಯ ಆಡಿಯೇ ಇರಲಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಆ ಹತ್ತು ವರ್ಷ ಅವನ ತಲೆಗೆ ಪೆಟ್ಟು ಬೀಳಲಿಲ್ಲ. ಅದಕ್ಕೇ ಬೇರೆಯವರಿಗೆ ಅವನನ್ನು ಅಳತೆಗೋಲು ಮಾಡುವುದು ತಪ್ಪು ಎನ್ನುತ್ತೇನೆ.

ಇನ್ನು ಮುಹಮ್ಮದ್ ಅಲಿ. ಈ ಚರ್ಚೆಯಲ್ಲಿ ಅವನನ್ನು ಬಿಟ್ಟು ಮುಂದೆ ಹೋಗಲು ಆಗುವುದೇ ಇಲ್ಲ. ವಿಯೆಟ್ನಾಂ ಯುದ್ಧಕ್ಕೆ ಬರುವುದಿಲ್ಲ ಎಂದದ್ದಕ್ಕೆ 1967ರಿಂದ 1970ರವರೆಗೆ ಅವನಿಗೆ ಆಡಲು ಬಿಡಲಿಲ್ಲ. ತಿರುಗಿ ಬಂದಾಗ ಹಳೆಯ ಕಾಲುಗಳು ಇರಲಿಲ್ಲ. 15 ಸುತ್ತೂ ಕುಣಿಯುತ್ತಿದ್ದವನು ಈಗ ನಿಂತು ಹೋರಾಡಬೇಕಾಯಿತು. ಹಾಗಾದರೆ 1967ಕ್ಕೇ ಗೆರೆ ಎಳೆದುಬಿಡೋಣವಾ? ಎಳೆದರೆ 1974ರ ಕಿನ್ಶಾಸಾ ಹೋಗುತ್ತದೆ. ಅಲ್ಲಿ ಹಗ್ಗಕ್ಕೆ ಒರಗಿ ಫೋರ್ಮನ್ನನ ಗುದ್ದುಗಳನ್ನೆಲ್ಲ ತಾಳಿಕೊಂಡು, ಅವನು ದಣಿದ ಮೇಲೆ ಎಂಟನೇ ಸುತ್ತಿನಲ್ಲಿ ಅಲಿ ಅವನನ್ನು ಕೆಡವಿದ. 1975ರ ಮನಿಲಾವೂ ಹೋಗುತ್ತದೆ. ಅಲ್ಲಿ 14 ಸುತ್ತು ಮುಗಿದ ಮೇಲೆ ಜೋ ಫ್ರೇಜಿಯರ್‌ನ ಟ್ರೇನರ್ ಎಡ್ಡಿ ಫಚ್ ತನ್ನ ಹುಡುಗನನ್ನು ಏಳಲು ಬಿಡಲಿಲ್ಲ. ಅಲಿ ಗೆದ್ದ, ಆದರೆ ಅವನೂ ಪೂರ್ತಿ ದಣಿದುಹೋಗಿದ್ದ. ಇವು ಇಳಿಗಾಲ ಶುರುವಾದ ಮೇಲೆ ಆಡಿದ ಪಂದ್ಯಗಳು. ಕಾಲು ಹೋದ ಮೇಲೆ ತಲೆಯಿಂದ, ಹಟದಿಂದ ಗೆಲ್ಲುವುದು ಹೇಗೆ ಅಂತ ತೋರಿಸಿದ ಈ ಅಲಿಯೇ ನನಗೆ ದೊಡ್ಡವನು. ಯೌವನದಲ್ಲಿ ಆಗಿನ ಚಾಂಪಿಯನ್ ಸನ್ನಿ ಲಿಸ್ಟನ್‌ನನ್ನು ಸೋಲಿಸಿದ ಅಲಿಗಿಂತಲೂ ದೊಡ್ಡವನು.

ಹಾಗಾದರೆ ನಿಲ್ಲಿಸಬೇಕಾಗಿದ್ದು ಯಾವಾಗ? 1977ರ ಸೆಪ್ಟೆಂಬರ್‌ನಲ್ಲಿ ಎನ್ನುವುದು ನನ್ನ ಉತ್ತರ. ಆಗ ಅಲಿ ಅರ್ನಿ ಶೇವರ್ಸ್ ಎದುರು 15 ಸುತ್ತು ಆಡಿ ಗೆದ್ದ. ಗೆದ್ದರೂ ತಿಂದ ಪೆಟ್ಟುಗಳು ಭಯಂಕರವಾಗಿದ್ದವು. ಅವನ ಡಾಕ್ಟರ್ ಫರ್ಡಿ ಪಚೆಕೊ, ಕಿಡ್ನಿಗಳು ಹಾಳಾಗುತ್ತಿವೆ ಎನ್ನುವ ಲ್ಯಾಬ್ ವರದಿಯನ್ನು ಅಲಿಗೂ ಅವನ ಹತ್ತಿರದವರಿಗೂ ಕಳಿಸಿದರು. ಯಾರೂ ಉತ್ತರ ಕೊಡಲಿಲ್ಲ. ಪಚೆಕೊ ಆ ತಂಡವನ್ನೇ ಬಿಟ್ಟರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಂದ್ಯ ಏರ್ಪಡಿಸುತ್ತಿದ್ದ ಟೆಡ್ಡಿ ಬ್ರೆನರ್ ಕೂಡ ಇನ್ನು ಮುಂದೆ ಅಲಿಗೆ ಪಂದ್ಯ ಕೊಡುವುದಿಲ್ಲ ಎಂದರು. ಕಂಡವರಿಗೆ ಕಂಡಿತ್ತು, ಅಲ್ವಾ?

ಮೂರು ವರ್ಷದ ನಂತರ, 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಜೊತೆ ಪಂದ್ಯ. ಅಲಿಗೆ 38 ವರ್ಷ, ಎರಡು ವರ್ಷದಿಂದ ಪಂದ್ಯ ಆಡಿರಲಿಲ್ಲ. ತೂಕ ಇಳಿದಿತ್ತು. ನೋಡಲು ಚೆನ್ನಾಗಿ ಕಾಣುತ್ತಿದ್ದ, ಅಷ್ಟೇ. ಥೈರಾಯ್ಡ್ ಮಾತ್ರೆ ನುಂಗಿ ಮೈ ಒಳಗೆ ಸೊರಗಿಹೋಗಿತ್ತು. ಹತ್ತು ಸುತ್ತಿನಲ್ಲಿ ಒಂದನ್ನೂ ಗೆಲ್ಲಲಿಲ್ಲ. ಅವನ ಟ್ರೇನರ್ ಏಂಜೆಲೊ ಡಂಡೀ ಪಂದ್ಯ ನಿಲ್ಲಿಸಿದರು. ಹೋಮ್ಸ್ ಹಿಂದೆ ಅಲಿಯ ಜೊತೆಗೇ ಅಭ್ಯಾಸ ಮಾಡಿ ಬೆಳೆದ ಹುಡುಗ. ಗೆದ್ದ ಮೇಲೆ ಅತ್ತುಬಿಟ್ಟ. ಮುಂದಿನ ವರ್ಷ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು ಇನ್ನೊಂದು ಸೋಲು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಗೊತ್ತಾಯಿತು.

ಈ ಎರಡು ಸೋಲುಗಳನ್ನು ಅಲಿಯ ಲೆಕ್ಕಕ್ಕೆ ಬರೆಯುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಅವು ಲೈಸೆನ್ಸ್ ಕೊಟ್ಟವರ ಲೆಕ್ಕಕ್ಕೆ, ದುಡ್ಡು ಮಾಡಿದವರ ಲೆಕ್ಕಕ್ಕೆ, "ಇನ್ನೊಂದು ಸಲ" ಎಂದು ಕೂಗಿದ ನಮ್ಮಂಥ ಅಭಿಮಾನಿಗಳ ಲೆಕ್ಕಕ್ಕೆ ಸೇರಬೇಕು. ಅಲಿಗಿಂತ ಹಿಂದಿನ ಚಾಂಪಿಯನ್ ಜೋ ಲೂಯಿಸ್ ಕಥೆಯೂ ಹೀಗೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡು ಪಂದ್ಯಗಳ ದುಡ್ಡನ್ನು ಅಮೆರಿಕದ ಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟವನು ಅವನು. ಅದೇ ಸರ್ಕಾರ ಆಮೇಲೆ ತೆರಿಗೆ ಬಾಕಿಗಾಗಿ ಅವನ ಬೆನ್ನು ಬಿತ್ತು. 37ನೇ ವಯಸ್ಸಿನಲ್ಲಿ, 1951ರಲ್ಲಿ, ರಾಕಿ ಮಾರ್ಸಿಯಾನೊ ಅವನನ್ನು ಹಗ್ಗದ ಆಚೆಗೆ ಬೀಳುವಂತೆ ಹೊಡೆದ. ಅವನು ರಿಂಗಿಗೆ ಇಳಿದಿದ್ದೇ ಸಾಲ ತೀರಿಸಲು. ಅದರಿಂದ ಅವನ 25 ಪಟ್ಟರಕ್ಷಣೆಗಳಲ್ಲಿ ಒಂದಾದರೂ ಕಡಿಮೆಯಾಯಿತಾ?

ಹಾಗಂತ ವಯಸ್ಸಾದವರ ಪಂದ್ಯವೆಲ್ಲ ಸುಮ್ನೆ ಎನ್ನುವುದೂ ತಪ್ಪು. ಇದೇ ಹೋಮ್ಸ್ 1988ರಲ್ಲಿ ಟೈಸನ್ ಕೈಲಿ ನಾಲ್ಕನೇ ಸುತ್ತಿಗೇ ನಾಕೌಟ್ ಆದ. ಅವನ ಕಥೆ ಮುಗಿಯಿತು ಎಂದರು. 1992ರಲ್ಲಿ, 42ನೇ ವಯಸ್ಸಿನಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದಿದ್ದ ಒಲಿಂಪಿಕ್ ಚಿನ್ನದ ರೇ ಮರ್ಸರ್‌ಗೆ ಅವನು 12 ಸುತ್ತು ಪಾಠ ಹೇಳಿಕೊಟ್ಟ. ಹಗ್ಗಕ್ಕೆ ಒರಗಿ ನಿಂತು, ಎಡಗೈಯ ಜ್ಯಾಬನ್ನೇ (ಚುರುಕಾದ ನೇರ ಗುದ್ದು) ಹೆಚ್ಚಾಗಿ ನೆಚ್ಚಿಕೊಂಡು. ಹೋಮ್ಸ್‌ನನ್ನು ಅಳೆಯುವಾಗ ಈ ರಾತ್ರಿಯನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರ.

ಸೋಲೂ ಹೆಸರು ಹೆಚ್ಚಿಸಬಹುದು. 2017ರಲ್ಲಿ ವೆಂಬ್ಲಿಯಲ್ಲಿ 41 ವರ್ಷದ ವ್ಲಾದಿಮಿರ್ ಕ್ಲಿಚ್ಕೊ, ಆಂಥನಿ ಜೋಶುವಾ ಎದುರು ಐದನೇ ಸುತ್ತಿನಲ್ಲಿ ಬಿದ್ದ, ಎದ್ದ, ಆರನೇ ಸುತ್ತಿನಲ್ಲಿ ಜೋಶುವಾನನ್ನೇ ಕೆಡವಿದ. ಹನ್ನೊಂದರಲ್ಲಿ ಸೋತ. ವರ್ಷಗಟ್ಟಲೆ ಗೆಲ್ಲುತ್ತಿದ್ದಾಗ "ಬೋರ್ ಹೊಡೆಸುತ್ತಾನೆ" ಎಂದು ದೂರುತ್ತಿದ್ದವರು ಅವತ್ತು ಅವನಿಗೆ ಮನಸೋತರು. ಮತ್ತೊಂದು ಪಂದ್ಯಕ್ಕೆ ಒಪ್ಪದೆ ಅವನು ನಿವೃತ್ತನಾದ. ಆ ಸೋಲನ್ನು ಖಂಡಿತ ಲೆಕ್ಕಕ್ಕೆ ಹಿಡಿಯಿರಿ. ಹೋರಾಡಲು ಬೇಕಾದದ್ದು ಅವನ ಮೈಯಲ್ಲಿ ಇನ್ನೂ ಇತ್ತು.

ಟೈಸನ್–ಪಾಲ್ ಪಂದ್ಯದಲ್ಲಿ ಒಂದೊಂದು ಸುತ್ತೂ ಮೂರರ ಬದಲು ಎರಡೇ ನಿಮಿಷ. ಗ್ಲೌಸ್ ಮಾಮೂಲಿಗಿಂತ ದಪ್ಪ. ದಾಖಲೆಯಲ್ಲಿ ಮಾತ್ರ ಅದು ಸೋಲು. ಟೈಸನ್ ಬಗ್ಗೆ ವಾದ ಮಾಡುವ ಆಸೆ ಇದ್ದರೆ 1990ರ ಟೋಕಿಯೊ ಪಂದ್ಯದ ಬಗ್ಗೆ ಮಾಡೋಣ, ಬನ್ನಿ. ಆಗ ಅವನಿಗೆ 23 ವರ್ಷ, ಯಾರೂ ಅವನನ್ನು ಸೋಲಿಸಿರಲಿಲ್ಲ. ಬಸ್ಟರ್ ಡಗ್ಲಸ್ ಅವನನ್ನು ಹತ್ತನೇ ಸುತ್ತಿನಲ್ಲಿ ಮಲಗಿಸಿದ. ಅಲ್ಲಿ ವಯಸ್ಸಿನ ಮಾತೇ ಬರುವುದಿಲ್ಲ.