ಖಾಲಿ ಬಿಟ್ಟ ಗೆರೆ

ನಮ್ಮ ಸಮಾಜ ಮೇಷ್ಟ್ರು ಈ ಆಷಾಢದಲ್ಲಿ ತೀರಿಕೊಂಡರು. ಹನ್ನೊಂದನೆಯ ದಿನ ಸೇರಿದ್ದ ಹಳೆಯ ಹುಡುಗರಲ್ಲಿ ಒಬ್ಬರಿಗೂ ಅವರು ಕಲಿಸಿದ ಪಾಣಿಪತ್ ಕದನದ ಇಸವಿ ನೆನಪಿರಲಿಲ್ಲ. ಪ್ರತಿಜ್ಞೆಯ ವಾರ ಮಾತ್ರ ಎಲ್ಲರಿಗೂ ನೆನಪಿತ್ತು. 1986ರಲ್ಲಿ ಐದನೇ ಕ್ಲಾಸಿನ ನಮಗೆ ಸೋಮವಾರದಿಂದ ಶನಿವಾರದವರೆಗೆ, ದಿನಕ್ಕೊಂದರಂತೆ ಆರು ಪೀರಿಯಡ್ ಅವರು ‘ಭಾರತ ನನ್ನ ದೇಶ’ ಬಿಟ್ಟು ಬೇರೇನೂ ಮಾಡಲಿಲ್ಲ. ಸಂಚಿಕೆಗೆ ನೆನಪು ಬರೆಯಿರಿ ಎಂದಿದ್ದಾರೆ. ಅವರ ಪಾಠದ ಕ್ರಮವನ್ನೇ ಬರೆದಿಟ್ಟರೆ ಈಗಿನ ಶಿಕ್ಷಕರಿಗಾದರೂ ಉಪಯೋಗಕ್ಕೆ ಬಂದೀತು.

ಆ ವಾರಕ್ಕೆ ಕಾರಣ ಒಂದು ಕಿಡಿಗೇಡಿತನ. ಪ್ರಾರ್ಥನೆಯ ಹೊತ್ತಿಗೆ ಒಬ್ಬ ಮುಂದೆ ನಿಂತು ಪ್ರತಿಜ್ಞೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದ, ಉಳಿದವರು ಅದನ್ನೇ ಮರಳಿ ಕೂಗುತ್ತಿದ್ದರು. ಆ ದಿನದ ಸರದಿ ಏಳನೇ ಕ್ಲಾಸಿನ ಒಬ್ಬ ತುಂಟನದು. ಹಿರಿಯರನ್ನು ಗೌರವಿಸುವ ಮಾತು ಮುಗಿದ ಕೂಡಲೇ ಅದೇ ರಾಗದಲ್ಲಿ, ಮುಖ ಒಂಚೂರೂ ಅಲುಗಿಸದೆ, ‘ಇಂದು ಮಧ್ಯಾಹ್ನ’, ‘ನಮ್ಮ ಶಾಲೆಗೆ’, ‘ರಜೆ ಇರುತ್ತದೆ’ ಎಂದ. ಮುನ್ನೂರು ಮಕ್ಕಳು ಕೈ ಮುಂದಕ್ಕೆ ಚಾಚಿಕೊಂಡೇ ಮೂರು ತುಂಡನ್ನೂ ಒಪ್ಪಿಸಿದರು. ನಗು ಬಂದದ್ದು ಆಮೇಲೆ. ಡ್ರಿಲ್ ಮೇಷ್ಟ್ರು ಬೆತ್ತಕ್ಕೆ ಕೈಹಾಕಿದಾಗ ಸಮಾಜ ಮೇಷ್ಟ್ರು ತಡೆದರು. “ಅವನೊಬ್ಬನಿಗೆ ಯಾಕ್ ಹೊಡೀತೀರಿ ಸಾರ್? ಮುನ್ನೂರು ಜನ ಕಿವಿ ಮುಚ್ಕೊಂಡು ಪ್ರಮಾಣ ಮಾಡಿದಾರಲ್ಲ, ಅವರಿಗೇನು ಮಾಡೋಣ?”

ತುಂಡು ಮಾಡಿ ಹೇಳಿಸುವುದರಲ್ಲೇ ಅರ್ಧ ದೋಷವಿದೆ. ‘ಅದರ ಸಂಪದ್ಭರಿತ’ ಎಂದು ನಿಲ್ಲಿಸಿ, ‘ವೈವಿಧ್ಯಮಯ’ ಎಂದು ಇನ್ನೊಮ್ಮೆ ನಿಲ್ಲಿಸಿದರೆ, ‘ಪರಂಪರೆಗೆ’ ಬರುವ ಹೊತ್ತಿಗೆ ಏನಕ್ಕೆ ಹೆಮ್ಮೆ ಪಡಬೇಕೆಂಬುದು ಹತ್ತು ವರ್ಷದ ತಲೆಯಿಂದ ಜಾರಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ತೊಂದರೆ ನಮಗೆ ಇನ್ನೂ ಹೆಚ್ಚು. ಅರ್ಥ ಹೋದ ಮೇಲೆ ಶಬ್ದವೂ ಕೆಡುತ್ತದೆ. ಹಿಂದಿನ ಸಾಲುಗಳಲ್ಲಿ ‘ಸಂಪದ್ಭರಿತ’ ಎಂಬುದು ‘ಸಂಪಾದ ಬರ್ತ’ ಆಗಿತ್ತು, ‘ವೈವಿಧ್ಯಮಯ’ವು ‘ವೈದ್ಯಮಯ’ ಆಗಿತ್ತು. ನಮ್ಮ ದೇಶದ ತುಂಬ ಡಾಕ್ಟರುಗಳಿದ್ದಾರೆ ಎಂದು ಒಬ್ಬ ಮಗ್ಗುಲಿನವನಿಗೆ ಅರ್ಥವನ್ನೂ ಹೇಳಿಕೊಟ್ಟಿದ್ದ.

ಆದ್ದರಿಂದ ಸೋಮವಾರ ಮೇಷ್ಟ್ರು ಮಾಡಿದ ಮೊದಲ ಕೆಲಸ, ಬೋರ್ಡಿನ ಮೇಲೆ ಒಂದು ವಾಕ್ಯಕ್ಕೆ ಒಂದೇ ಸಾಲು ಎಂದು ಬರೆದದ್ದು. ಸಾಲು ಮುಗಿಯುವವರೆಗೆ ಉಸಿರು ಬಿಡುವಂತಿಲ್ಲ. ಉಸಿರು ಸಾಲದವರು ಮೊದಲು ಪಿಸುಮಾತಿನಲ್ಲಿ ಹೇಳಬೇಕು, ಆಮೇಲೆ ಗಟ್ಟಿಯಾಗಿ. ಸಂಪತ್ತು, ಭರಿತ ಎಂದು ಬಿಡಿಸಿ ಬರೆಸಿ, ಮತ್ತೆ ಕೂಡಿಸಿ ಹತ್ತು ಸಲ. ಕೈ ಚಾಚುವುದು ಆ ವಾರ ಇರಲೇ ಇಲ್ಲ. ಚಿಕ್ಕ ಮಕ್ಕಳಿಗೆ ನಾಲ್ಕನೇ ವಾಕ್ಯಕ್ಕೇ ತೋಳು ಸೋಲುತ್ತದೆ, ಮುಂದಿನವನ ಬೆನ್ನು ತಾಗುತ್ತದೆ, ಗಮನವೆಲ್ಲ ಅಲ್ಲಿಗೇ ಹೋಗುತ್ತದೆ. ಮಾತು ಕೂತ ಮೇಲೆ ಕೈ ಎತ್ತಿದರಾಯಿತು ಎಂದು ಅವರ ಲೆಕ್ಕ.

ಮಂಗಳವಾರದ ಪಾಠವೇ ಅವರ ನಿಜವಾದ ಕಸುಬು. ಬೋರ್ಡಿನ ಮೇಲೆ ಮೂರು ಕಲಂ ಎಳೆದರು: ‘ಇರುವುದು’, ‘ಅನಿಸುವುದು’, ‘ಮಾಡುವುದು’. ಪ್ರತಿಜ್ಞೆಯ ವಾಕ್ಯಗಳನ್ನು ನಾವೇ ಎದ್ದು ಬಂದು ಹಂಚಬೇಕು. ಭಾರತ ನನ್ನ ದೇಶ, ಭಾರತೀಯರೆಲ್ಲ ಸಹೋದರ ಸಹೋದರಿಯರು ಎನ್ನುವುದು ಮೊದಲ ಕಲಂಗೆ ಹೋಯಿತು. ಪ್ರೀತಿ, ಹೆಮ್ಮೆ ಎರಡನೆಯದಕ್ಕೆ. ಆ ಪರಂಪರೆಗೆ ತಕ್ಕವರಾಗಲು ಶ್ರಮಪಡುವುದು, ತಂದೆತಾಯಿ, ಗುರು, ಹಿರಿಯರಿಗೆ ಗೌರವ ಕೊಡುವುದು, ಎಲ್ಲರೊಂದಿಗೆ ಸೌಜನ್ಯದಿಂದ ನಡೆದುಕೊಳ್ಳುವುದು ಮೂರನೆಯದಕ್ಕೆ. ಆಮೇಲೆ ಕೇಳಿದರು: “ಇದರಲ್ಲಿ ಯಾವುದನ್ನು ನಾಳೆ ಬೆಳಗ್ಗೆ ಮುರಿಯೋಕಾಗತ್ತೆ?” ಭಾರತ ನನ್ನ ದೇಶ ಎನ್ನುವುದನ್ನು ಯಾರೂ ಮುರಿಯಲಾರರು. ಮೂರನೆಯ ಕಲಂನದ್ದನ್ನು ಮುರಿಯಬಹುದು. “ಮುರಿಯೋಕಾಗೋದೇ ಪ್ರತಿಜ್ಞೆ ಕಣ್ರೋ. ಉಳಿದದ್ದು ವರದಿ” ಎಂದು ಸೀಮೆಸುಣ್ಣ ಕೆಳಗಿಟ್ಟರು.

ಬುಧವಾರ ಒಂದೊಂದು ಹಾಳೆ ಕೊಟ್ಟು, ನಿನ್ನೆಯಿಂದ ಈ ಹೊತ್ತಿನವರೆಗೆ ಮೂರನೆಯ ಕಲಂ ಎಲ್ಲಿ ಮುರಿಯಿತು ಎಂದು ಬರೆಸಿದರು. ಹೆಸರು ಹಾಕುವಂತಿರಲಿಲ್ಲ. ಹಾಳೆಗಳನ್ನು ಅವರು ಓದಲಿಲ್ಲ, ನಮ್ಮೆದುರೇ ಮಡಿಸಿ ಕಟ್ಟಿಟ್ಟರು. ಇಲ್ಲಿ ಎಡವುವ ಶಿಕ್ಷಕರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇವೆ. ಗಟ್ಟಿಯಾಗಿ ಓದಿಸಿದರೆ ಮಕ್ಕಳು ಮೇಷ್ಟ್ರಿಗೆ ಇಷ್ಟವಾಗುವ ಪಾಪಗಳನ್ನಷ್ಟೇ ಬರೆಯುತ್ತಾರೆ.

ಕಷ್ಟದ ಪದ ‘ನಿಷ್ಠೆ’. ಅದಕ್ಕೆ ಗುರುವಾರ ಮನೆಯಿಂದ ಅರಿಶಿನ ಬಟ್ಟೆಯಲ್ಲಿ ಕಟ್ಟಿದ ತಿಮ್ಮಪ್ಪನ ಮುಡಿಪು ತಂದಿದ್ದರು. ಅಲ್ಲಾಡಿಸಿ ಕಾಸಿನ ಸದ್ದು ಕೇಳಿಸಿದರು. ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಇದನ್ನು ಬಿಚ್ಚಿ ಸಕ್ಕರೆ ತರುವುದಿಲ್ಲ, ಅದೇ ನಿಷ್ಠೆ ಎಂದರು. ನಿಘಂಟಿನಲ್ಲಿ ಅಷ್ಟು ಚೆನ್ನಾಗಿ ಬರೆದದ್ದನ್ನು ನಾವು ಇನ್ನೂ ಕಂಡಿಲ್ಲ.

ಶುಕ್ರವಾರ ಇತಿಹಾಸ. ಅಂದು ಮೇಷ್ಟ್ರೇ ಸಿಕ್ಕಿಬಿದ್ದರು. “ಬರೆದವರು ಯಾರು ಸಾರ್?” ಎಂದು ಕೇಳಿದ್ದಕ್ಕೆ ಪುಸ್ತಕ ತಿರುವಿದರು. ಪ್ರತಿಜ್ಞೆಯ ಕೆಳಗೆ ಹೆಸರಿಲ್ಲ. ಗಾಂಧೀಜಿ, ನೆಹರೂ, ಟ್ಯಾಗೋರ್ ಎಂದು ಬೆಂಚಿನಿಂದ ಬೆಂಚಿಗೆ ಕೂಗು. ‘ಬರೆದವರು:’ ಎಂದು ಬರೆದು ಮುಂದೆ ಗೆರೆ ಎಳೆದು, “ನನಗೂ ಗೊತ್ತಿಲ್ಲ, ಗೊತ್ತಾದೋರು ತುಂಬಿ” ಎಂದುಬಿಟ್ಟರು. ನಮ್ಮೂರಿನಿಂದ ಆಂಧ್ರದ ಹಿಂದೂಪುರಕ್ಕೆ ಅರ್ಧ ಗಂಟೆಯ ಬಸ್ಸು. ಅಲ್ಲಿಂದ ಬಂದು ಸೇರಿದ್ದ ಹುಡುಗ ಎದ್ದು, “ನಮ್ಮಲ್ಲಿ ‘ಭಾರತದೇಶಂ ನಾ ಮಾತೃಭೂಮಿ’ ಅಂತಾರೆ ಸಾರ್” ಎಂದ. ‘ದೇಶ’ಕ್ಕೂ ‘ಮಾತೃಭೂಮಿ’ಗೂ ಏನು ವ್ಯತ್ಯಾಸ ಎಂಬುದರಲ್ಲೇ ಶನಿವಾರದ ಪೀರಿಯಡ್ ಮುಗಿಯಿತು. ಉತ್ತರಕ್ಕೆ ಎಷ್ಟು ಹತ್ತಿರ ಬಂದಿದ್ದೆವು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಪ್ರತಿಜ್ಞೆ ಮೊದಲು ಹುಟ್ಟಿದ್ದೇ ತೆಲುಗಿನಲ್ಲಿ. ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ನಲ್ಗೊಂಡ ಜಿಲ್ಲೆಯ ಅನ್ನೆಪರ್ತಿಯವರು, 1916ರಲ್ಲಿ ಹುಟ್ಟಿದವರು. 1962ರಲ್ಲಿ ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆ ಅಧಿಕಾರಿಯಾಗಿದ್ದಾಗ ಇದನ್ನು ಬರೆದು ಹಿರಿಯ ರಾಜಕಾರಣಿ ತೆನ್ನೇಟಿ ವಿಶ್ವನಾಥಂ ಅವರಿಗೆ ತೋರಿಸಿದರು. ಅವರು ಅದನ್ನು ಆಂಧ್ರದ ಶಿಕ್ಷಣ ಸಚಿವ ಪಿ.ವಿ.ಜಿ. ರಾಜು ಅವರಿಗೆ ಮುಟ್ಟಿಸಿದರು. 1963ರಲ್ಲಿ ವಿಶಾಖಪಟ್ಟಣದ ಶಾಲೆಯೊಂದರಲ್ಲಿ ಮೊದಲು ಓದಿಸಿದ್ದು. ಮರುವರ್ಷ ಅಕ್ಟೋಬರ್‌ನಲ್ಲಿ ಆಗಿನ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿ ಸೇರಿ, ಇದನ್ನು ದೇಶದ ಎಲ್ಲ ಶಾಲೆಗಳಲ್ಲಿ ಹೇಳಿಸಬೇಕು, 1965ರ ಜನವರಿ 26ರಿಂದ ಶುರುವಾಗಬೇಕು ಎಂದಿತು. ಆ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಸುಬ್ಬರಾವ್ ತೀರಿಕೊಂಡದ್ದು 1988ರಲ್ಲಿ. ಅಂದರೆ ಮೇಷ್ಟ್ರು ಗೆರೆ ಎಳೆದ ದಿನ ಅವರು ಪಕ್ಕದ ರಾಜ್ಯದಲ್ಲಿ ಬದುಕಿಯೇ ಇದ್ದರು. ಮೊಮ್ಮಗಳು ಪಠ್ಯಪುಸ್ತಕದಿಂದ ಓದುವುದನ್ನು ಕೇಳುವವರೆಗೆ ತಮ್ಮ ಮಾತು ಇಷ್ಟು ದೂರ ಹೋಗಿದೆಯೆಂದು ಅವರಿಗೂ ತಿಳಿದಿರಲಿಲ್ಲವೆಂದು ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

2012ರಲ್ಲಿ ಪ್ರತಿಜ್ಞೆಗೆ ಐವತ್ತು ತುಂಬಿದಾಗಿನ ಆ ಸುದ್ದಿಯನ್ನು ನಮ್ಮ ಬ್ಯಾಚಿನವರೊಬ್ಬರು ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿದರು. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಖಜಾನೇಲಿ ಇದ್ದೋರೇನಯ್ಯ? ಅದಕ್ಕೇ ಕಲಂ ಕಲಂ ಸರಿಯಾಗಿ ಕೂತಿದೆ ನೋಡು” ಎಂದರಂತೆ.

ಈಗ ಪ್ರಾರ್ಥನೆಗೆ ಮೈಕು ಬಂದಿದೆ, ಕೆಲವು ಕಡೆ ಪ್ರತಿಜ್ಞೆಯೂ ಸ್ಪೀಕರಿನಿಂದಲೇ ಬರುತ್ತದೆ. ರಜೆ ಘೋಷಿಸುವ ಹುಡುಗನಿಗೆ ಅವಕಾಶವೇ ಇಲ್ಲ, ಪಾಪ. 2023ರಿಂದ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತಾರೆ, ಒಳ್ಳೆಯದೇ. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುವುದರಿಂದ ಪ್ರತಿಜ್ಞೆ ಸಂವಿಧಾನದಲ್ಲಿದೆ ಎಂದು ಮಕ್ಕಳು ತಿಳಿಯುತ್ತಾರೆ. ಇಲ್ಲ, ಅದರಲ್ಲಿಲ್ಲ. ಬಿಡಿಸಿ ಹೇಳಲು ಸುಲಭದ ದಾರಿ ಒಂದುಂಟು: ಪೀಠಿಕೆ ‘ನಾವು’ ಎಂದು ಮಾತಾಡುತ್ತದೆ, ಪ್ರತಿಜ್ಞೆ ‘ನಾನು’ ಎನ್ನುತ್ತದೆ. ಎರಡರಲ್ಲೂ ಆ ಪದಕ್ಕೆ ಬಣ್ಣದ ಪೆನ್ಸಿಲಿನಲ್ಲಿ ಸುತ್ತು ಹಾಕಿಸಿ. ನಮ್ಮ ಬ್ಯಾಚಿನವರು ಈಗಲೂ ಅದನ್ನು ಉಸಿರು ತಪ್ಪದೆ, ತುಂಡು ಮಾಡದೆ ಹೇಳುತ್ತೇವೆ. ಹನ್ನೊಂದನೆಯ ದಿನ ಊಟದ ಮನೆಯಲ್ಲಿ ಹೇಳಿಯೂ ತೋರಿಸಿದೆವು, ಬಡಿಸುವವರು ನಿಂತು ಕೇಳಿದರು.

ಇನ್ನೊಂದು ಮಾತು, ಈಗ ಐದನೇ ಕ್ಲಾಸು ತೆಗೆದುಕೊಳ್ಳುವವರಿಗೆ. ಸುಬ್ಬರಾವ್ ಹೆಸರನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಬೇಡಿ. ‘ಬರೆದವರು:’ ಎಂದು ಬರೆದು ಗೆರೆ ಎಳೆಯಿರಿ. ಶನಿವಾರದವರೆಗೆ ಅದು ಹಾಗೇ ಇರಲಿ.