ಇಡೀ ಕಾರ್ಯಕ್ರಮ ಮೇಷ್ಟ್ರ ಕಾಲು ನೋಡ್ಕೊಂಡು ಕೂತಿದ್ದೆ

ರಂಗಗೀತೆ ಕಾರ್ಯಕ್ರಮ ಮಾಡೋಣ ಅಂದಿದ್ದು ನಾನೇ, ಕಾಲು ಹಾರ್ಮೋನಿಯಂ ಬೇಕೇ ಬೇಕು ಅಂತ ಹಠ ಹಿಡಿದಿದ್ದೂ ನಾನೇ, ಹಂಗಾಗಿ ಮುಂದೆ ಆಗಿದ್ದಕ್ಕೆಲ್ಲ ಬೇರೆ ಯಾರನ್ನೂ ಬೈಯೋ ಹಂಗಿಲ್ಲ.

ನಮ್ಮದೊಂದು ಸಣ್ಣ ಗುಂಪು. ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಹನುಮಂತನಗರದಲ್ಲಿ ಒಬ್ಬರ ಮನೆ ಟೆರೇಸ್ ಮೇಲೆ ಪ್ರಾಕ್ಟೀಸು. ಮೊದಲರ್ಧ ಕಂಪನಿ ನಾಟಕದ ಹಾಡುಗಳು, ಆಮೇಲೆ ಬಿ.ವಿ. ಕಾರಂತರ ಕಾಲದ ಹವ್ಯಾಸಿ ರಂಗಭೂಮಿಯ ಹಾಡುಗಳು, ಒಟ್ಟು ಹದಿನಾಲ್ಕು. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ದವರು, 1884ರಲ್ಲಿ ಶುರುವಾದ ಕಂಪನಿ ಅದು, ಹಂಗಾಗಿ ಈ ಎರಡು ಅರ್ಧಕ್ಕೂ ಒಂದು ಕೊಂಡಿ ಇದೆ ಅಂತ ನಿರೂಪಣೆಲಿ ನಾನೇ ಸ್ಟೈಲಾಗಿ ಹೇಳೋದು ಅಂತ ಪ್ಲಾನು. ಆ ನಿರೂಪಣೆ ಏನಾಯ್ತು ಅಂತ ಮುಂದೆ ಗೊತ್ತಾಗುತ್ತೆ.

ಕಾಲು ಹಾರ್ಮೋನಿಯಂ ನೋಡಿಲ್ದೇ ಇರೋರಿಗೆ ಹೇಳ್ತೀನಿ, ಅದು ಮೇಜಿನ ಥರ ಕಾಲಿನ ಮೇಲೆ ನಿಂತಿರುತ್ತೆ, ಮೇಷ್ಟ್ರು ಸ್ಟೂಲ್ ಮೇಲೆ ಕೂತು ಕೆಳಗಿರೋ ಪೆಡಲ್ ತುಳೀತಾರೆ, ಪೆಡಲ್‌ನಿಂದ ಒಂದು ಪಟ್ಟಿ ಮೇಲೆ ಹೋಗಿ ತಿದಿ ಎಳೆಯುತ್ತೆ. ಎರಡೂ ಕೈ ಫ್ರೀ. ಮೈಕ್ ಇಲ್ದಿದ್ದ ಕಾಲದಲ್ಲಿ ಸ್ಟೇಜ್ ಮುಂದೆ ಕೂತು ಇಡೀ ನಾಟಕನ ಓಡಿಸ್ತಿದ್ದವರು ಹಾರ್ಮೋನಿಯಂ ಮೇಷ್ಟ್ರೇ, ನಟ ಮಾತು ಮುಗಿಸೋಕೆ ಮುಂಚೆ ಶ್ರುತಿ ಕೊಟ್ಟು, ಜನ ಒನ್ಸ್ ಮೋರ್ ಅಂತ ಕೂಗಿದ್ರೆ ಸತ್ತು ಬಿದ್ದಿರೋ ರಾಜನನ್ನೂ ಎಬ್ಬಿಸಿ ಹಾಡಿಸ್ತಿದ್ರಂತೆ. ಹಂಗೊಂದು ಪೆಟ್ಟಿಗೆ ಗೆಳೆಯನ ಕಾಟನ್‌ಪೇಟೆ ಮನೆ ಅಟ್ಟದ ಮೇಲಿತ್ತು. ಇಳಿಸಿ, ಬಳೇಪೇಟೆಲಿ ರೀಡ್ ಎಲ್ಲಾ ಕ್ಲೀನ್ ಮಾಡಿಸಿದ್ವಿ. ಪಟ್ಟಿ ಕಡೆ ಯಾರೂ ನೋಡ್ಲಿಲ್ಲ.

ಶನಿವಾರ ಸಂಜೆ ಆರೂವರೆಗೆ ಪ್ರೋಗ್ರಾಮು. ಕಲಾಕ್ಷೇತ್ರ ತುಂಬಿಸೋಷ್ಟು ಜನ ನಮಗೆಲ್ಲಿ ಬರ್ತಾರೆ, ಅದಕ್ಕೆ ಜೆ.ಸಿ. ರೋಡ್ ಹತ್ರನೇ ಒಂದು ಪುಟ್ಟ ಹಾಲ್ ತಗೊಂಡಿದ್ವಿ. ಬೆಳಿಗ್ಗೆ ಎಂಟಕ್ಕೆ ಮುಖ್ಯ ಗಾಯಕಿ ಫೋನು. ಎತ್ತಿದ್ರೆ ಬರೀ ಉಸಿರು. ಗಂಟಲು ಹೋಗಿದೆ. ಬಿಸಿನೀರು, ಅರಿಶಿನ, ಜೇನುತುಪ್ಪ, ಮೆಣಸು ಅಂತ ಎಲ್ಲರೂ ವಾಟ್ಸಾಪಲ್ಲಿ ವೈದ್ಯರಾದ್ರು, ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಸ್ವರ ಸ್ವಲ್ಪ ಬಂತು, ಮೇಲಿಂದು ಬರಲೇ ಇಲ್ಲ. ಕಪ್ಪು ನಾಲ್ಕರಲ್ಲಿ, ಅಂದ್ರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ ಶ್ರುತೀಲಿ ಹಾಡೋಳು, ಅದಕ್ಕಿಂತ ಕೆಳಗಿನ ಬಿಳಿ ನಾಲ್ಕಕ್ಕೆ ಇಳಿಸಿದ್ರೆ ಟ್ರೈ ಮಾಡ್ತೀನಿ ಅಂದ್ಲು. ಹಾರ್ಮೋನಿಯಂಗೆ ಅದೇನು ದೊಡ್ಡದಲ್ಲ, ಮೇಷ್ಟ್ರು ಬೆರಳು ಜರುಗಿಸ್ತಾರೆ. ತಬಲಾಗೆ ಹಂಗಾಗಲ್ವಲ್ಲ, ಸುತ್ತಿಗೆ ತಗೊಂಡು ಎಷ್ಟು ಬಡಿದ್ರೂ ಚರ್ಮ ಅಷ್ಟೆಲ್ಲ ಇಳಿಯಲ್ಲ, ಇಳಿಸಿದ್ರೂ ನಾದ ಸತ್ತು ಹೋಗುತ್ತೆ, ಬೇರೆ ದಾಯಾನೇ, ಅಂದ್ರೆ ಬಲಗೈಲಿ ನುಡಿಸೋ ತಬಲಾನೇ ಬೇಕು, ಅದು ರಾಜಾಜಿನಗರದ ಮನೇಲಿದೆ. ಆಟೋಲಿ ಹೋದ್ರೆ ವಾಪಸ್ ಬರೋದು ನಾಳೆ ಅಂತ ನಮ್ಮ ತಬಲಾ ಹುಡುಗ ಮೆಟ್ರೋ ಹತ್ತಿ ಹೋದ.

ಅವನು ಹೋಗಿ ಹತ್ತು ನಿಮಿಷಕ್ಕೆ, ಸೌಂಡ್ ಚೆಕ್ ಮಾಡೋವಾಗ, ಟಪ್ ಅಂತು. ಮೇಷ್ಟ್ರ ಕಾಲು ದಡಕ್ಕಂತ ನೆಲಕ್ಕೆ. ಒಳಗಿನ ಚರ್ಮದ ಪಟ್ಟಿ ಎರಡು ತುಂಡು, ಕೈಯಲ್ಲಿ ಹಿಡಿದ್ರೆ ಹಳೇ ಹಪ್ಪಳದ ಥರ ಪುಡಿ ಆಗ್ತಿದೆ.

ಆಗ ಗಂಟೆ ನಾಲ್ಕು ಇಪ್ಪತ್ತು. ಬಳೇಪೇಟೆಗೆ ಹೋಗಿ ಬರೋಕೆ ಟೈಮಿಲ್ಲ. ತುಂಡು ಕೈಲಿ ಹಿಡ್ಕೊಂಡು ರೋಡಿಗೆ ಬಂದೆ. ಜೆ.ಸಿ. ರೋಡಲ್ಲಿ ಕಾರಿಗೆ ಬೇಕಾದ್ದೆಲ್ಲ ಸಿಗುತ್ತೆ, ಸಂಗೀತಕ್ಕೆ ಬೇಕಾದ್ದು ಏನೂ ಇಲ್ಲ. ಒಂದು ಸೀಟ್ ಕವರ್ ಅಂಗಡಿಗೆ ನುಗ್ಗಿ, ಅಣ್ಣ ಇಂಥದ್ದೊಂದು ಪಟ್ಟಿ ಹೊಲ್ಕೊಡ್ತೀರಾ ಅಂದೆ. ಆತ ತುಂಡನ್ನ ತಿರುಗಿಸಿ ಮುರುಗಿಸಿ ನೋಡಿ, ‘ಯಾವ ಗಾಡಿದು ಸಾರ್?’ ಅಂದ.

‘ಗಾಡಿ ಅಲ್ಲ, ಹಾರ್ಮೋನಿಯಂ.’

‘ಯಾವ ಇಯರ್ ಮಾಡೆಲ್?’

ನಗೋಕೂ ಆಗ್ಲಿಲ್ಲ ನಂಗೆ. ರೆಕ್ಸಿನ್ ಬೇಡ ಸಾರ್ ಹಿಗ್ಗುತ್ತೆ ಅಂತ ಆತನೇ ಹೇಳಿ, ಹಳೇ ಸೀಟ್ ಬೆಲ್ಟಿಂದ ಒಂದೂವರೆ ಅಡಿ ಕತ್ತರಿಸಿ, ತುದಿನ ಲೈಟರಲ್ಲಿ ಸುಟ್ಟು ಅಂಚು ಬಿಗಿ ಮಾಡಿ, ಎರಡು ಕಡೆ ಮಡಚಿ, ದೊಡ್ಡ ಮಷೀನಲ್ಲಿ ಇಂಟು ಮಾರ್ಕ್ ಹೊಲಿಗೆ ಹಾಕಿದ. ಏಳು ನಿಮಿಷ. ಜೇಬಲ್ಲಿ ಚಿಲ್ಲರೆ ಇಲ್ಲ, ಫೋನು ಹಾಲಲ್ಲಿ ಚಾರ್ಜಿಗಿದೆ. ‘ಹೋಗಿ ಸಾರ್, ಆಮೇಲೆ ಕೊಡಿ’ ಅಂದ.

ಹಾಕಿದ್ವಿ, ಸೂಪರಾಗಿ ಕೆಲಸ ಮಾಡ್ತು. ತಬಲಾ ಹುಡುಗ ಆರು ಗಂಟೆಗೆ ಕೆ.ಆರ್. ಮಾರ್ಕೆಟ್ ಸ್ಟೇಷನ್ನಲ್ಲಿಳಿದು ಓಡ್ಕೊಂಡೇ ಬಂದ. ಮಳೆ ಬಂತು, ಜನ ಲೇಟಾದ್ರು, ಆರೂ ಐವತ್ತಕ್ಕೆ ಶುರು ಮಾಡಿದ್ವಿ. ಎರಡು ಹಾಡು ಚೆನ್ನಾಗೇ ಹೋಯ್ತು. ಮೂರನೇದರಲ್ಲಿ ಮತ್ತೆ ಟಪ್. ಈ ಸಲ ಪಟ್ಟಿ ಅಲ್ಲ, ಪಟ್ಟಿ ಜಪ್ಪಯ್ಯ ಅಂದಿಲ್ಲ. ಪೆಡಲ್ ಹಲಗೆ ಹಳೇ ಮರ, ಬೆಲ್ಟಿನ ಬಿಗಿಗೆ ಕೊಕ್ಕೆ ಸ್ಕ್ರೂ ಸಮೇತ ಕಿತ್ಕೊಂಡು ಬಂದಿದೆ.

ಗಾಯಕಿ ಹಾರ್ಮೋನಿಯಂ ಇಲ್ದೆನೇ ಎಳೀತಾ ಇದ್ಲು, ಇರೋ ಅರ್ಧ ಗಂಟಲಲ್ಲಿ. ಹಾರ್ಮೋನಿಯಂ ಮುಂದುಗಡೆ ಝರಿ ಬಟ್ಟೆ ನೆಲದ ತನಕ ಇಳಿಬಿಟ್ಟಿದ್ವಿ, ಚೆಂದ ಕಾಣ್ಲಿ ಅಂತ, ಅದೂ ನಂದೇ ಐಡಿಯಾ. ಸೈಡ್ ವಿಂಗಿಂದ ಮಂಡಿಗಾಲಲ್ಲಿ ಹೋಗಿ ಆ ಬಟ್ಟೆ ಹಿಂದೆ ತೂರಿದೆ. ನೇತಾಡ್ತಿದ್ದ ಬೆಲ್ಟು ಕೈಗೆ ಸಿಕ್ತು. ಎಳೆದೆ. ಮೇಲಿಂದ ಸ್ವರ ಬಂತು.

ಅಲ್ಲಿಂದ ಹನ್ನೆರಡು ಹಾಡು ನಾನೇ ತಿದಿ. ಸಮವಾಗಿ ಎಳೀಬೇಕು, ಜೋರಾಗಿ ಎಳೆದ್ರೆ ಹಾರ್ಮೋನಿಯಂ ಕೂಗುತ್ತೆ, ಬಿಟ್ರೆ ನರಳುತ್ತೆ. ತಾಳ ಹಿಡ್ಕೊಂಡು ಎಳೆಯೋಕೆ ಹೋದೆ, ಮೇಷ್ಟ್ರು ಮೆತ್ತಗೆ ಒದ್ದು, ‘ತಾಳ ಬೇಡಪ್ಪ, ಬರೀ ಗಾಳಿ ಕೊಡು’ ಅಂದ್ರು. ಅವರ ಬರಿಗಾಲು ಮಾತ್ರ ಅಭ್ಯಾಸ ಬಿಡದೆ ಖಾಲಿ ಪೆಡಲ್ ತುಳೀತಾನೇ ಇತ್ತು, ಹೆಬ್ಬೆರಳ ಉಗುರು ಅರ್ಧ ಕಪ್ಪಾಗಿತ್ತು, ಹಿಮ್ಮಡಿ ಒಡೆದಿತ್ತು, ಕಂದಪದ್ಯ ಎಳೆಯೋವಾಗ ಆ ಕಾಲು ನಿಧಾನ ಆಗೋದು, ತಕ್ಷಣ ನಾನು ಉದ್ದಕ್ಕೆ ಎಳೀತಿದ್ದೆ. ಐದಾರು ಹಾಡಾದ ಮೇಲೆ ಹಾಡು ಕೇಳೋದೇ ಬಿಟ್ಟು ಕಾಲನ್ನೇ ನೋಡ್ಕೊಂಡು ಎಳೆದೆ. ನಿರೂಪಣೆ ಯಾರು ಮಾಡಿದ್ರು ಅಂತ ನಿಜವಾಗ್ಲೂ ಗೊತ್ತಿಲ್ಲ, ಕಾರಂತರ ಹೆಸರು ಕೇಳಿಸ್ತು, ಗುಬ್ಬಿ ಅಂತ ಕೇಳಿಸ್ತು, ಚಪ್ಪಾಳೆ ಕೇಳಿಸ್ತು. ಒಂದು ಹಾಡಿಗೆ ಹಿಂದಿನ ಸಾಲಿಂದ ಯಾರೋ ಹಿರಿಯರು ಒನ್ಸ್ ಮೋರ್ ಅಂತ ಕೂಗಿದ್ರು, ಇಡೀ ಗುಂಪಿಗೆ ಖುಷಿ, ನನ್ನ ಭುಜಕ್ಕೆ ಮಾತ್ರ ಅಲ್ಲ.

ಮುಗಿದ ಮೇಲೆ ಎಲ್ಲರೂ ಫೋಟೋ ತೆಗೆಸ್ಕೊಂಡ್ರು. ನಾನು ಎದ್ದು ಬರೋಷ್ಟರಲ್ಲಿ ಅರ್ಧ ಜನ ಹೋಗಿದ್ರು. ಅಮ್ಮ, ‘ಎಲ್ಲೋ ಇದ್ದೆ, ಇಷ್ಟು ಚೆನ್ನಾಗಿತ್ತು ನೋಡ್ಬಾರ್ದಾ’ ಅಂದ್ಲು.

ಸೋಮವಾರ ಆಫೀಸಿಗೆ ಹೋಗೋ ದಾರೀಲಿ ಸೀಟ್ ಕವರ್ ಅಂಗಡಿಗೆ ದುಡ್ಡು ಕೊಡೋಕೆ ಹೋದೆ.

‘ಬೆಲ್ಟ್ ಹಿಡೀತಾ ಸಾರ್?’

‘ಬೆಲ್ಟ್ ಹಿಡೀತು, ಮರನೇ ಕಿತ್ತು ಬಂತು.’

ಆತ ಸ್ವಲ್ಪ ಯೋಚನೆ ಮಾಡಿ, ‘ಬಾಡಿ ಕೆಲಸ ನಮ್ಮಲ್ಲಿಲ್ಲ ಸಾರ್’ ಅಂದ.